ಮಗ್ಗಿ ಕೇಳುತ್ತ ಓಣಿ ತಿರುಗಿದ ಮಾಸ್ತರ

ಬಹಳ ಹಿಂದೆ, ಬಿಳಿಮರಡಿ ಅನ್ನೋ ಒಂದು ಊರಲ್ಲಿ ಚನಮಲ್ಲಪ್ಪ ಅಂತ ಒಬ್ಬ ಸಾಲಿ ಮಾಸ್ತರ ಇದ್ದನಂತೆ. ಎಷ್ಟು ಹಿಂದೆ ಅಂತ ಕೇಳಬೇಡಿ, ನನಗೆ ಹೇಳಿದ ಅಜ್ಜಿಗೇ ಅದು ಗೊತ್ತಿರಲಿಲ್ಲ. ಮಾಸ್ತರ ಬಾಗಿಲಿಗೆ ತಲೆ ಬಡಿಯುವಷ್ಟು ಎತ್ತರ ಇದ್ದ ಅನ್ನುತ್ತಾರೆ. ಗಿಡ್ಡ ಇದ್ದ, ಹಲಗೆಯ ಮೇಲೆ ಬರೆಯಲು ಕಲ್ಲು ಹತ್ತುತ್ತಿದ್ದ ಅಂತಲೂ ಅನ್ನುತ್ತಾರೆ. ನಾನು ಎರಡನ್ನೂ ನಂಬಿದ್ದೇನೆ, ನೀವೂ ನಂಬಿ.

ಒಂದು ವರ್ಷ ಚಳಿ ಬಿದ್ದ ಕೂಡಲೇ ಊರಿಗೆ ಶೀತಜ್ವರ ಬಂತಂತೆ. ಬೆಳಿಗ್ಗೆ ನೆಗಡಿ, ಸಂಜೆಗೆ ಮೈ ಕೆಂಡ, ಮೂರನೆಯ ದಿನ ಉಸಿರೇ ಸಿಗುತ್ತಿರಲಿಲ್ಲವಂತೆ. ಆಗ ಒಂದೇ ಟಪಾಲಿನಲ್ಲಿ ಮಾಸ್ತರನಿಗೆ ಎರಡು ಕಾಗದ ಬಂದವು. ಮಕ್ಕಳು ಒಂದೆಡೆ ಸೇರಿದರೆ ಜ್ವರ ಹಬ್ಬುತ್ತದೆ, ಸಾಲಿ ಮುಚ್ಚು ಅಂತ ದವಾಖಾನೆ ಇಲಾಖೆಯವರ ಕಾಗದ. ಏನೇ ಬರಲಿ, ದಿನಾ ಹಾಜರಿ ತೆಗೆ ಅಂತ ಸಾಲಿ ಇಲಾಖೆಯವರ ಕಾಗದ. ಎರಡರ ಮೇಲೂ ಸರಕಾರದ ಠಸ್ಸೆ. ಮಾಸ್ತರ ಒಂದನ್ನು ಓದುವನಂತೆ, ಇನ್ನೊಂದನ್ನು ಓದುವನಂತೆ, ಮತ್ತೆ ಮೊದಲನೆಯದನ್ನೇ ಓದುವನಂತೆ. ಕಡೆಗೆ ತಲೆ ಕೆಟ್ಟು ದವಾಖಾನೆಯ ಕಂಪೌಂಡರ್ ಮೌಲಾಸಾಬನ ಹತ್ತಿರ ಹೋದನಂತೆ.

ಮೌಲಾಸಾಬನ ತಲೆಯೂ ಕೆಟ್ಟಿತ್ತು. ಅವನ ಹತ್ತಿರ ಔಷಧಿ ಇತ್ತು, ಆದರೆ ಯಾವ ಮನೆಗೆ ಕೊಡಬೇಕು ಅಂತ ಗೊತ್ತಿರಲಿಲ್ಲ. ಜ್ವರ ಇದೆ ಅಂದರೆ ಊರವರು ಆ ಮನೆಯವರಿಗೆ ಬಾವಿಕಟ್ಟೆ ಹತ್ತಲು ಬಿಡುತ್ತಿರಲಿಲ್ಲ, ಹಾಗಾಗಿ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಉಪಾಯ ಯಾರಿಗೆ ಹೊಳೆಯಿತೋ ನನಗೆ ಇವತ್ತಿಗೂ ಬಗೆಹರಿದಿಲ್ಲ. ನಮ್ಮ ಓಣಿಯವರು ಮಾಸ್ತರನಿಗೆ ಅನ್ನುತ್ತಾರೆ, ಆಚೆ ಓಣಿಯವರು ಸಾಬನಿಗೆ ಅನ್ನುತ್ತಾರೆ. ಅಂತೂ ಮರುದಿನದಿಂದ ಮಕ್ಕಳು ಸಾಲಿಗೆ ಬರಲಿಲ್ಲ, ಸಾಲಿಯೇ ಓಣಿಗೆ ಬಂತು. ಮಾಸ್ತರ ಬೀದಿಯಲ್ಲಿ ನಿಂತು ಹೆಸರು ಕೂಗುವುದು, ಮಗು ಹೊಸ್ತಿಲ ಒಳಗಿನಿಂದಲೇ ಹತ್ತೊಂಬತ್ತರ ಮಗ್ಗಿಯನ್ನು ಒಂದೇ ದಮ್ಮಿಗೆ ಹೇಳುವುದು. ಹೇಳಿದರೆ ಹಾಜರಿ. ನಡುವೆ ದಮ್ಮು ಕಟ್ಟಿತೋ, ಪಕ್ಕದಲ್ಲಿ ಕಿವಿಗೊಟ್ಟು ನಿಂತ ಸಾಬ ಸದ್ದಿಲ್ಲದೆ ಆ ಮನೆಯ ಹಿತ್ತಿಲಿಗೆ ಔಷಧಿ, ಗಂಜಿ ಮುಟ್ಟಿಸುತ್ತಿದ್ದ. ಸಾಲಿ ತೆರೆದಿತ್ತೋ ಮುಚ್ಚಿತ್ತೋ, ದೇವರೇ ಬಲ್ಲ.

ನಿಂಬೆವ್ವ ಅಂತ ಒಬ್ಬ ತಾಯಿ, ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಕಾಶವ್ವ, ಸಣ್ಣವಳು ಗುರವ್ವ. ಗುರವ್ವನಿಗೆ ಜ್ವರ ಬಂದಾಗ ತಾಯಿ ಹೆದರಿ ಅವಳನ್ನು ಕಾಳಿನ ಕಣಜದ ಹಿಂದೆ ಮಲಗಿಸಿದಳಂತೆ. ಮಾಸ್ತರ ಗುರವ್ವನ ಹೆಸರು ಕೂಗಿದಾಗ ಬಾಗಿಲ ಮರೆಯಿಂದ ಕಾಶವ್ವನೇ ತಂಗಿಯ ದನಿ ಮಾಡಿ ಮಗ್ಗಿ ಹೇಳಿದಳಂತೆ. ಒಂದೇ ದಮ್ಮು, ಒಂದೂ ತಪ್ಪಿಲ್ಲ. ಭೇಷ್ ಅಂತ ಸಾಬ ಮುಂದಿನ ಮನೆಗೆ ನಡೆದ. ಮಾಸ್ತರ ಮಾತ್ರ ನಿಂತಲ್ಲೇ ನಿಂತ.

"ನಿಂಬೆವ್ವಾ, ಗುರವ್ವ ಹತ್ತೊಂಬತ್ತೇಳ್ಲ ನೂರಾ ಇಪ್ಪತ್ಮೂರು ಅಂತಾಳ. ವರ್ಷಾತು, ಎಷ್ಟ ತಿದ್ದಿದರೂ ಹಂಗ ಅಂತಾಳ. ಇವತ್ತ ನೂರಾ ಮೂವತ್ಮೂರು ಹೆಂಗ ಬಂತು ಆಕಿ ಬಾಯಾಗ?"

ಒಳಗಿನಿಂದ ನಿಂಬೆವ್ವನ ಅಳು ಕೇಳಿಸಿತಂತೆ.

ಯಾರ ಮನೆಯೊಳಗೂ ಕಾಲಿಡಬೇಡಿ ಅಂತ ಊರಿಗೆಲ್ಲ ಹೇಳಿದವನು ಮಾಸ್ತರನೇ. ಆದರೂ ಒಳಗೆ ಹೋದ. ಕಣಜದ ಹಿಂದಿನಿಂದ ಹುಡುಗಿಯನ್ನು ಹೊತ್ತು ದವಾಖಾನೆಗೆ ನಡೆದ. ಇನ್ನೊಂದು ದಿನ ತಡೆದಿದ್ದರೆ ಕೂಸು ಕೈಗೆ ಸಿಗುತ್ತಿರಲಿಲ್ಲ ಅಂತ ಸಾಬ ಹೇಳಿದನಂತೆ. ಗುರವ್ವ ಉಳಿದಳು. ಒಂಬತ್ತನೆಯ ದಿನಕ್ಕೆ ಮಾಸ್ತರ ಅದೇ ಜ್ವರದಲ್ಲಿ ತೀರಿಕೊಂಡ. ಅವನು ಮಾಡಿದ್ದು ಸರಿಯೋ ತಪ್ಪೋ ಅಂತ ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ನಿಂಬೆವ್ವನಿಗೂ ಸಾಯುವ ತನಕ ಬರಲಿಲ್ಲವಂತೆ.

ಈಗಲೂ ಬಿಳಿಮರಡಿಯಲ್ಲಿ ಚಳಿ ಶುರುವಾದ ದಿನ ಮಕ್ಕಳು ಹೊಸ್ತಿಲ ಮೇಲೆ ನಿಂತು ಹತ್ತೊಂಬತ್ತರ ಮಗ್ಗಿ ಹೇಳುತ್ತವೆ. ದಮ್ಮು ಕಟ್ಟಿದ ಮಗುವನ್ನು ಅವತ್ತು ಯಾರೂ ಸಾಲಿಗೆ ಕಳಿಸುವುದಿಲ್ಲ, ಬಚ್ಚಿಡುವುದೂ ಇಲ್ಲ. ಏಳಕ್ಕೆ ಬಂದಾಗ ಓಣಿಗೆ ಓಣಿಯೇ ನೂರಾ ಇಪ್ಪತ್ಮೂರು ಅನ್ನುತ್ತದೆ. ಹೊಸದಾಗಿ ಬಂದ ಮಾಸ್ತರರು ಗಾಬರಿಯಾಗಿ ತಿದ್ದಲು ಹೋಗುತ್ತಾರೆ. ಅಪ್ಪಿತಪ್ಪಿ ಯಾವುದಾದರೂ ಮಗು ನೂರಾ ಮೂವತ್ಮೂರು ಅಂದರೆ ಸಾಕು, ಅದರ ತಾಯಿ ಒಲೆ ಮುಂದಿನಿಂದ ಎದ್ದು ಬಂದು ಮನೆಯ ಮಕ್ಕಳೆಲ್ಲರ ಹಣೆಯನ್ನು ಒಬ್ಬೊಬ್ಬರದಾಗಿ ಮುಟ್ಟಿ ನೋಡುತ್ತಾಳೆ.