ಹದಿನಾಲ್ಕು ಡೋಲಿನ ಗಟ್ಟಿಮೇಳ

ಹತ್ತಿರ ಬಂದು ಕೂತ್ಕೊಳ್ಳಿ. ಇದು ಬರೀ ಸದ್ದಿನ ಕತೆ, ಅದಕ್ಕೇ ಮೆಲ್ಲಗೆ ಹೇಳ್ತೀನಿ.

ಹಲಗನಹಳ್ಳಿಯಲ್ಲಿ ಸಾಕಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಬೋರಲಿಂಗ. ವಯಸ್ಸು ಮೂವತ್ತು, ಮೀಸೆ ಇಷ್ಟುದ್ದ, ಬುದ್ಧಿ ಮಾತ್ರ ಇನ್ನೂ ತೊಟ್ಟಿಲಲ್ಲೇ. 'ಹಾಲು ಉಕ್ಕುತ್ತೆ, ನೋಡ್ಕೋ' ಅಂದರೆ ಉಕ್ಕಿ ಒಲೆ ಆರಿಹೋಗೋ ತನಕ ನೋಡಿ, 'ಚೆನ್ನಾಗಿ ಉಕ್ಕಿತು ಕಣವ್ವ' ಅನ್ನೋನು. ಸಾಕಮ್ಮ ಹಣೆ ಹಣೆ ಚಚ್ಚಿಕೊಳ್ಳೋಳು.

ಊರಿನ ಮದುವೆಗಳಿಗೆಲ್ಲ ವಾಲಗ ಅವರ ಮನೆಯದೇ. ಬೋರಲಿಂಗನ ಅಪ್ಪ ಡೋಲು ಬಾರಿಸುತ್ತಿದ್ದ, ಚಿಕ್ಕಪ್ಪ ಮರಿಯಪ್ಪ ನಾಗಸ್ವರ ಊದುತ್ತಿದ್ದ. ಅಪ್ಪ ತೀರಿಕೊಂಡ. ಅವನ ಡೋಲಿನ ಚರ್ಮವನ್ನು ಇಲಿ ತಿಂದಿತು. ಇನ್ನು ಉಳಿದದ್ದು ಮರಿಯಪ್ಪನ ನಾಗಸ್ವರವೊಂದೇ.

ಅಷ್ಟರಲ್ಲಿ ಪಟೇಲ ಚಿಕ್ಕೇಗೌಡರ ಮಗಳ ಮದುವೆ ಬಂತು. ಗೌಡರು ಸಾಕಮ್ಮನನ್ನು ಕರೆಸಿದರು.

"ನೋಡು ಸಾಕಮ್ಮ, ತಾಳಿ ಕಟ್ಟೋ ಹೊತ್ತಲ್ಲಿ ಗಟ್ಟಿಮೇಳ ಸರಿಯಾಗಿ ಬಿದ್ರೆ ಊರ ವಾಲಗ ನಿಮ್ಮನೇದೇ. ಇಲ್ದಿದ್ರೆ ಇನ್ಮೇಲೆ ಪೇಟೆ ಬ್ಯಾಂಡಿನೋರಿಗೆ. ಮದುವೆ ಮುಗಿದ ಮೇಲೆ ನನ್ನ ಮಾತು ಹೇಳ್ತೀನಿ."

"ಆಗ್ಲಿ ಬುದ್ಧಿ!" ಅಂದಳು ಸಾಕಮ್ಮ. ವಾಲಗ ಹೋದರೆ ಆ ಮನೆಗೆ ಇನ್ನೇನಿದೆ? ಗಂಡನ ಹೆಸರೇ ಹೋದ ಹಾಗೆ.

ಮನೆಗೆ ಬಂದವಳೇ ಮಗನ ಕೈಗೆ ವೀಳ್ಯ ಕೊಟ್ಟಳು. "ಲೇ ಬೋರ, ನಾಳೆ ಚಪ್ಪರ. ಗಾಣದಹೊಸೂರಿಗೆ ಹೋಗು, ವೀಳ್ಯ ಕೊಟ್ಟು ಒಬ್ಬ ಡೋಲಿನವನನ್ನ ಕರ್ಕೊಂಡು ಬಾ!"

ಹೋದ. ಕರೆದುಕೊಂಡು ಬಂದ. ಚಪ್ಪರದ ಕೆಳಗೆ ಮರಿಯಪ್ಪ ನಾಗಸ್ವರ ಎತ್ತಿದ. ಡೋಲಿನವನು ಎರಡು ಕೈಯನ್ನೂ ಗಾಳಿಯಲ್ಲಿ ಆಡಿಸಿದ. ಸದ್ದೇ ಇಲ್ಲ.

"ಡೋಲೆಲ್ಲೋ?" ಅಂದರು ಗೌಡರು.

"ಡೋಲಿನವನನ್ನ ಕರ್ಕೊಂಡು ಬಾ ಅಂದ್ಲು ಅವ್ವ. ಡೋಲು ತಾ ಅನ್ನಲಿಲ್ಲ," ಅಂದ ಬೋರಲಿಂಗ. "ಅವನು ತರ್ತೀನಿ ಅಂದ. ನಾನೇ ಬೇಡ ಅಂದೆ!"

ಸಾಕಮ್ಮ ಮಗನ ಕಿವಿ ಹಿಡಿದು ಹಿತ್ತಲಿಗೆ ಎಳೆದಳು. "ಪೆದ್ದ ಮುಂಡೇದೇ! ಕೈ ಕಟ್ಕೊಂಡು ಹೋಗಿ ಬರೋದಲ್ಲ ಕಣೋ! ಡೋಲು ಎಲ್ಲಿ ಕಾಣುತ್ತೋ ನೋಡು! ಕಂಡ ಡೋಲನ್ನ ಬಿಡಬೇಡ! ಅದನ್ನ ಬಾರಿಸೋನನ್ನೂ ಜೊತೆಗೇ ಕರ್ಕೊಂಡು ಬಾ!"

"ಆಗ್ಲಿ ಕಣವ್ವ!"

ಗಾಣದಹೊಸೂರು ಅಂದರೆ ಡೋಲಿನವರದೇ ಊರು. ಒಂದೊಂದು ಮನೆ ಗೋಡೆ ಮೇಲೂ ಒಂದೊಂದು ಡೋಲು ತೂಗುಹಾಕಿರುತ್ತೆ. ಬೋರಲಿಂಗ ಒಂದನ್ನು ಕಂಡ, ವೀಳ್ಯ ಕೊಟ್ಟ. ಇನ್ನೊಂದನ್ನು ಕಂಡ, ಇನ್ನೊಂದು ವೀಳ್ಯ ಕೊಟ್ಟ. ಎಲೆ ಮುಗಿದಾಗ ಅವರ ಹಿತ್ತಲಿನ ಬಳ್ಳಿಯಿಂದಲೇ ಕಿತ್ತು ಅವರಿಗೇ ಕೊಟ್ಟ. ಅರಿಶಿನದ ದಿನ ಹೊತ್ತು ಏರೋ ಮೊದಲೇ ಸಾಲಾಗಿ ಬಂದರು ನೋಡಿ, ಹದಿನಾಲ್ಕು ಜನ, ಹದಿನಾಲ್ಕು ಡೋಲು!

ಹುಡುಗಿಗೆ ಅರಿಶಿನ ಹಚ್ಚಲು ಕೈ ಇಟ್ಟರೋ ಇಲ್ಲವೋ, ಢಂ ಢಂ ಢಂ ಢಂ! ಕೊಟ್ಟಿಗೆಯ ಎಮ್ಮೆ ಹಗ್ಗ ಹರಿದುಕೊಂಡು ಓಡಿತು. ಹುಡುಗಿಯ ಅಜ್ಜಿ ಅರಿಶಿನದ ಬಟ್ಟಲಲ್ಲೇ ಕೂತುಬಿಟ್ಟಳು. ಮರಿಯಪ್ಪ ಕೆನ್ನೆ ಉಬ್ಬಿಸಿ ಊದಿದ, ಊದಿದ. ತನ್ನ ನಾಗಸ್ವರ ತನಗೇ ಕೇಳಿಸದೆ, ಕೆಟ್ಟುಹೋಯಿತೇನೋ ಅಂತ ತಿರುಗಿಸಿ ತೂತಿನೊಳಗೆ ಇಣುಕಿ ನೋಡಿದ.

"ಇವರನ್ನ ಊರಿಗೆ ಕಳಿಸ್ರೋ!" ಅಂತ ಗೌಡರು ಕೂಗಿದರು.

ಹ್ಯಾಗೆ ಕಳಿಸ್ತಾರೆ? ವೀಳ್ಯ ಕೊಟ್ಟು ಕರೆದ ವಾಲಗದವರನ್ನು ತಾಳಿ ಕಟ್ಟೋ ತನಕ ತಿರುಗಿ ಕಳಿಸೋ ಹಾಗಿಲ್ಲ. ಆ ಹದಿನಾಲ್ಕು ಜನಕ್ಕೂ ವೀಳ್ಯ ಕೊಟ್ಟವನ ಮಾತೇ ಮಾತು. ಅಂದರೆ ನಮ್ಮ ಬೋರಲಿಂಗನ ಮಾತು!

ಸಾಕಮ್ಮ ಮತ್ತೆ ಕಿವಿ ಹಿಡಿದಳು. "ಅಯ್ಯೋ ನನ್ನ ಕರ್ಮವೇ! ಹದಿನಾಲ್ಕು ಜನವೂ ಒಂದೇ ಥರ ಬಡಿದ್ರೆ ಅದು ಮೇಳವೇನೋ? ಮೇಳ ಅಂದ್ರೆ ಒಬ್ಬೊಬ್ಬರದೂ ಬೇರೆ ಬೇರೆ ಇರ್ಬೇಕು ಕಣೋ!"

"ಅಷ್ಟೇನಾ? ಮೊದ್ಲೇ ಹೇಳ್ಬಾರ್ದಾ ಅವ್ವ!"

ಸಂಜೆ ಗಂಡಿನವರ ಗಾಡಿ ಊರಬಾಗಿಲಿಗೆ ಬಂತು. ಬೋರಲಿಂಗ ಡೋಲಿನವರನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳಿಕೊಟ್ಟ. "ನೀನು ಆರತಿದು ಬಾರಿಸು! ನೀನು ಡಂಗುರದ್ದು! ನೀನು ಹೊಲಕ್ಕೆ ಬಿದ್ದ ಹಂದಿ ಓಡಿಸೋದು! ನಿಂಗೇನು ಉಳೀತು? ಹೆಣ ಎತ್ತೋದು ಉಳೀತು, ಅದನ್ನ ಬಾರಿಸು!"

ಬಾರಿಸಿದರು. ಗಾಡಿ ಗಕ್ಕನೆ ನಿಂತಿತು. ಗಂಡಿನ ಸೋದರಮಾವ ತಲೆ ಹೊರಗೆ ಹಾಕಿದ. "ಇದೇನ್ರೀ, ಯಾರು ಹೋದ್ರು?"

"ಯಾರೂ ಹೋಗಿಲ್ಲ, ಬನ್ನಿ!" ಅಂದರು ಹೆಣ್ಣಿನ ಕಡೆಯವರು.

"ಹಂದಿ ಬಂದಿದೆಯಾ?"

"ಹಂದೀನೂ ಬಂದಿಲ್ಲ, ಇಳೀರಿ!"

"ಮತ್ಯಾಕೆ ಡಂಗುರ?"

ಮಾವ ಗಾಡಿ ತಿರುಗಿಸು ಅಂದ. ಗೌಡರು ಓಡಿ ಬಂದು ನೊಗ ಹಿಡಿದು ನೇತಾಡಿ, ಅಂತೂ ಇಂತೂ ಗಂಡನ್ನು ಇಳಿಸಿಕೊಂಡರು. ಇಳಿಸಿಕೊಂಡು ಸಾಕಮ್ಮನ ಕಡೆ ಒಂದು ನೋಟ ನೋಡಿದರು. ಆ ನೋಟಕ್ಕೆ ಅವಳ ಅರ್ಧ ಜೀವ ಹೋಯಿತು.

"ಬೋರಾ! ನಾಳೆ ಮುಹೂರ್ತ ಕಣೋ! ಎಲ್ಲರೂ ಮೈಮೇಲೆ ಬಿದ್ದು ಬಡೀಬಾರ್ದು! ಒಬ್ಬ ಬಾರಿಸುವಾಗ ಇನ್ನೊಬ್ಬ ಸುಮ್ನಿರ್ಬೇಕು!"

"ಆಗ್ಲಿ ಕಣವ್ವ!"

ಮುಹೂರ್ತ ಬಂತು. ಗಂಡು ತಾಳಿ ಹಿಡಿದ. ಪುರೋಹಿತರು ಕೈ ಎತ್ತಿ, "ಗಟ್ಟಿಮೇಳ! ಗಟ್ಟಿಮೇಳ!" ಅಂದರು. ಗಟ್ಟಿಮೇಳ ಯಾಕೆ ಹೇಳಿ? ಆ ಗಳಿಗೆಯಲ್ಲಿ ಸೀನು, ಕೆಮ್ಮು, ಅಪಶಕುನದ್ದು ಯಾವುದೂ ಕಿವಿಗೆ ಬೀಳಬಾರದು, ಅದಕ್ಕೆ.

ಬೋರಲಿಂಗ ಮೊದಲನೆಯವನಿಗೆ ಬೆರಳು ತೋರಿಸಿದ. ಢಂ. ಸುಮ್ಮನೆ. ಎರಡನೆಯವನಿಗೆ ತೋರಿಸಿದ. ಢಂ. ಸುಮ್ಮನೆ. ಆ ಸುಮ್ಮನೆಯಲ್ಲಿ ಯಾರೋ ಒಬ್ಬರು "ಆಕ್ಷೀ!" ಅಂದರು. ಗಂಡಿನ ಕೈ ಅಲ್ಲೇ ನಿಂತಿತು. ಪುರೋಹಿತರು "ಗಟ್ಟಿಮೇಳ!" ಅಂತ ಅರಚಿದರು. ಮೂರನೆಯವನು, ಢಂ. ಸುಮ್ಮನೆ. "ಆಕ್ಷೀ!"

ಮುಹೂರ್ತ ಜಾರುತ್ತಿತ್ತು. ಸಾಕಮ್ಮ ಹೆಂಗಸರ ಮಧ್ಯದಿಂದ ಎದ್ದು ಓಡಿ ಬಂದಳು. "ಎಲ್ಲರೂ ಒಟ್ಟಿಗೇ ಬಾರಿಸ್ರೋ! ಬೋರಾ, ಯಾರು ಕೈ ಆಡಿಸಿದ್ರೂ ನಿಲ್ಲಿಸಬೇಡ! ನಾನು ಬಾಯಿಂದ ನಿಲ್ಲಿಸು ಅಂದ ಮೇಲೇ ನಿಲ್ಲಿಸು!"

ಢಂ ಢಂ ಢಂ ಢಂ! ಚಪ್ಪರದ ತೋರಣ ಕಳಚಿ ಬಿತ್ತು. ಸೀನಿದವರು ಸೀನಿದ್ದು ಅವರಿಗೇ ಕೇಳಲಿಲ್ಲ. ಮೂರು ಗಂಟೂ ಬಿತ್ತು. ತಾಳಿ ಕಟ್ಟಿಯೇ ಬಿಟ್ಟ! ಸಾಕಮ್ಮನಿಗೆ ಸಂತೋಷಕ್ಕೆ ಅಳುವೇ ಬಂತು.

ಪುರೋಹಿತರು ಸಾಕು ಅಂತ ಕೈ ಆಡಿಸಿದರು. ಬೋರಲಿಂಗ ನಿಲ್ಲಿಸಲಿಲ್ಲ. ಸಾಕಮ್ಮ ಕೈ ಆಡಿಸಿದಳು. ನಿಲ್ಲಿಸಲಿಲ್ಲ. "ನಿಲ್ಲಿಸೋ!" ಅಂತ ಬಾಯಿಂದಲೇ ಕೂಗಿದಳು. ಹದಿನಾಲ್ಕು ಡೋಲಿನ ಮುಂದೆ ಒಂದು ಬಾಯಿ ಎಲ್ಲಿ ಕೇಳುತ್ತೆ? ಅವ್ವನ ಬಾಯಿ ಬರೀ ತೆರೆದು ಮುಚ್ಚುತ್ತಿದೆ, ಮಾತು ಇನ್ನೂ ಹೊರಟಿಲ್ಲ ಅಂತ ಬೋರಲಿಂಗ ಕಾದ.

ಗೌಡರು ಸಾಕಮ್ಮನ ಎದುರಿಗೆ ಬಂದು ನಿಂತರು. ಡೋಲಿನ ಕಡೆ ಕೈ ತೋರಿಸಿದರು, ಅವಳ ಕಡೆ ತೋರಿಸಿದರು, ಮೀಸೆ ಕುಣಿಸುತ್ತಾ ಏನೇನೋ ಹೇಳಿದರು. ಒಂದಕ್ಷರ ಕೇಳಲಿಲ್ಲ! "ಏನು ಬುದ್ಧಿ? ಏನಂದ್ರಿ?" ಅಂತ ಸಾಕಮ್ಮ, ತಿರುಗಿ ಹೊರಟ ಗೌಡರ ಹಿಂದೆ ಓಡಿದಳು. "ಅವ್ವ ಹೋಗ್ತಾವ್ಳೆ! ಅವಳು ನಿಲ್ಲಿಸು ಅಂದ್ರೆ ನಮಗೆ ಕೇಳ್ಬೇಡ್ವೇನ್ರೋ?" ಅಂತ ಬೋರಲಿಂಗ ಕೈ ಬೀಸಿ ಹದಿನಾಲ್ಕು ಡೋಲನ್ನೂ ಅವಳ ಬೆನ್ನಿಗೇ ಹೊರಡಿಸಿದ. ಅವಳು ಬೀದಿಗೆ ಓಡಿದರೆ ಬೀದಿಗೆ, ಬಾವಿಗೆ ಓಡಿದರೆ ಬಾವಿಗೆ. ಕೈ ಸೋತು ಅವರು ಒಬ್ಬೊಬ್ಬರಾಗಿ ಕುಸಿದು ಕೂತಾಗಲೇ ಊರು ತಣ್ಣಗಾದದ್ದು.

ಮಾರನೇ ದಿನ ಸಾಕಮ್ಮ ಮಗನನ್ನು ಕರೆದುಕೊಂಡು ಗೌಡರ ಮನೆಗೆ ಹೊರಟಳು. ಗೌಡರು ಒಂದು ಮಾತನ್ನು ಎರಡನೇ ಸಲ ಹೇಳುವುದೇ ಕಷ್ಟ, ಮೂರನೇ ಸಲ ಹೇಳಿದ್ದನ್ನು ಊರಲ್ಲಿ ಯಾರೂ ಕಂಡಿಲ್ಲ.

"ಲೇ ಬೋರ, ನಿನ್ನ ಕಾಲಿಗೆ ಬೀಳ್ತೀನಿ. ಗೌಡ್ರು ಬಾಯಿ ಬಿಟ್ಟಾಗ ಯಾವ ಸದ್ದೂ ನನ್ನ ಕಿವಿಗೆ ಬೀಳದ ಹಾಗೆ ನೋಡ್ಕೋ!"

"ಆಗ್ಲಿ ಕಣವ್ವ!"

ಜಗಲಿಯ ಮೇಲೆ ಗೌಡರಿದ್ದರು. ಸಾಕಮ್ಮ ಕೈ ಮುಗಿದಳು. "ಬುದ್ಧಿ, ನಿನ್ನೆ ತಮ್ಮ ಮಾತು ಕೇಳಲಿಲ್ಲ. ಇನ್ನೊಂದು ಸಲ ಹೇಳಿ. ಊರ ವಾಲಗ ನಮಗೋ, ಪೇಟೆಯೋರಿಗೋ?"

ಗೌಡರು ಎಲೆಯಡಿಕೆ ಉಗಿದರು, ಬಾಯಿ ಒರೆಸಿಕೊಂಡರು, ಬಾಯಿ ತೆರೆದರು.

ಬೋರಲಿಂಗ ಹಿಂದಿನಿಂದ ಬಂದು ಅವ್ವನ ಎರಡು ಕಿವಿಯನ್ನೂ ಗಬಕ್ಕನೆ ಅಂಗೈಯಿಂದ ಮುಚ್ಚಿದ. ಅವಳು ಕೊಸರಿದಳು, ಗುದ್ದಿದಳು, ಕಚ್ಚಿದಳು. ಬಿಡಲಿಲ್ಲ. ಗೌಡರು ಹೇಳುವುದನ್ನೆಲ್ಲ ಹೇಳಿ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡರು.

ಆಮೇಲೆ ಕೈ ಬಿಟ್ಟ.

"ಅಯ್ಯೋ ಪಾಪಿ! ಹೋಗ್ಲಿ, ನೀನಾದ್ರೂ ಕೇಳಿಸ್ಕೊಂಡ್ಯಾ? ಏನಂದ್ರು? ಹೇಳೋ! ಏನಂದ್ರೋ?"

ಬೋರಲಿಂಗ ಅವ್ವನ ಮುಖ ನೋಡಿ ನಕ್ಕ. ತಲೆ ವಾಲಿಸಿ, ಜಗಲಿ ಹತ್ತೋ ಮುಂಚೆ ತನ್ನ ಎರಡು ಕಿವಿಗೂ ತುರುಕಿಕೊಂಡಿದ್ದ ಇಷ್ಟಿಷ್ಟು ಹತ್ತಿ ಹೊರಗೆ ತೆಗೆದ.

"ಏನವ್ವ, ಏನಾದ್ರೂ ಅಂದ್ಯಾ?"