ಏಳನೇ ಮೆಟ್ಟಿಲ ಮೇಲಿನ ಸೀಲು

ಗುಮಾಸ್ತ ಫಕೀರಪ್ಪನ ಎರಡೂ ಕಾಲು ಪೋಲಿಯೊದಿಂದ ಹೋಗಿದ್ದವು. ಕಚೇರಿಯೋ ಮಹಡಿ ಮೇಲೆ. ಹತ್ತಕ್ಕೆ ಹಾಜರಿರಲು ಒಂಬತ್ತಕ್ಕೇ ಬಂದು, ಇಪ್ಪತ್ತೆರಡು ಮೆಟ್ಟಿಲು ಕೂತುಕೂತೇ ಏರುತ್ತಿದ್ದ. ತನ್ನ ಮೇಜು ಕೆಳಗೆ ಹಾಕಿಸಿರೆಂದು ವರ್ಷಕ್ಕೊಂದರಂತೆ ಒಂಬತ್ತು ಅರ್ಜಿ ಕೊಟ್ಟಿದ್ದ.

ಹೊಸ ಸಾಹೇಬರು ಒಂಬತ್ತನೆಯದನ್ನೂ ಕಪಾಟಿಗೆ ತುರುಕಿದರು. "ನಿನಗೊಂದು ನ್ಯಾಯ, ಊರಿಗೊಂದು ನ್ಯಾಯ ಇಲ್ಲಪಾ. ಎಲ್ಲಾರಂಗ ನೀನೂ. ಮತ್ತ ಕಚೇರಿ ಸೀಲು ನಿನ್ನ ಕೈ ಬಿಡಬಾರದು. ನನ್ನ ಕಣ್ಣೆದುರೇ ಒತ್ತಬೇಕು."

"ಆಗ್ಲಿರಿ," ಎಂದ ಫಕೀರಪ್ಪ.

ಮರುದಿನ ಎಲ್ಲರಂತೆ ಸರಿಯಾಗಿ ಹತ್ತಕ್ಕೇ ಬಂದ. ಕೈ ಬಿಡದೆ ಮನೆಗೂ ಒಯ್ದಿದ್ದ ಸೀಲು ಹಿಡಿದು ಮೆಲ್ಲಗೆ ಏರತೊಡಗಿದ.

"ಸೀಲು ಎಲ್ಲೈತೋ?" ಸಾಹೇಬರು ಮೇಲಿನಿಂದ ಕೂಗಿದರು.

"ಏಳನೇ ಮೆಟ್ಟಿಲ ಮ್ಯಾಗ, ನನ್ನ ಕೈಯಾಗ ಐತ್ರಿ. ಅರ್ಜೆಂಟ್ ಇದ್ದರ ಬರ್ರಿ, ನಿಮ್ಮ ಕಣ್ಣೆದುರೇ ಒತ್ತತೇನಿ."

ದಿನಾ ಹೀಗೇ ಕಾಗದಕ್ಕೊಮ್ಮೆ ಇಳಿದು ಹತ್ತಿ, ನಾಲ್ಕನೇ ದಿನ ಸಾಹೇಬರು ಮೊಣಕಾಲು ಹಿಡಿದು ಮೆಟ್ಟಿಲ ಮೇಲೇ ಕುಸಿದರು. "ಏನು ಶಿಕ್ಷೆಯೋ ಇದು!"

"ನಿಮಗ ನಾಕು ದಿನ ಆತ್ರಿ. ನನಗ ಒಂಬತ್ತು ವರ್ಷ."

ಮುಂದಿನ ವಾರ ಕಚೇರಿಯೇ ಕೆಳಗಿಳಿಯಿತು. ಆದೇಶದಲ್ಲಿ ಕಾರಣ ಒಂದೇ: ಸಾಹೇಬರ ಮೊಣಕಾಲು ನೋವು. ಒಂಬತ್ತು ಅರ್ಜಿಗಳ ಸುದ್ದಿಯೇ ಇರಲಿಲ್ಲ. ಆ ಆದೇಶಕ್ಕೂ ಫಕೀರಪ್ಪನೇ ಸೀಲು ಒತ್ತಿದ, ಸಾಹೇಬರ ಕಣ್ಣೆದುರೇ.