ಬಿಚ್ಚದ ಕೈಗೆ ಬಳೆ

“ಮಾಸ್ತರರೇ, ಎಲ್ಲವನ್ನೂ ಸುಲಭ ಮಾಡಿಕೊಟ್ಟೆ. ಆದರೂ ಆ ಹುಡುಗನ ಕಣ್ಣು ಪಕ್ಕದವರ ಪುಸ್ತಕದ ಮೇಲೆಯೇ ಇರುತ್ತದೆ. ಏಕೆ?”

ಕೇಳಿದವಳು ಈರಮ್ಮ. ಕಲಿಕೆಯಲ್ಲಿ ತೊಡಕಿರುವ ಮಕ್ಕಳ ಪಕ್ಕ ಕುಳಿತು ನೆರವಾಗುವ ಸಹಾಯಕಿಯಾಗಲು ಅವಳು ವಿರುಪಣ್ಣ ಮಾಸ್ತರರ ಬಳಿ ತರಬೇತಿಗೆ ಸೇರಿ ಏಳು ತಿಂಗಳಾಗಿತ್ತು. ಬೆಳಗ್ಗೆ ಮಾಸ್ತರರ ಪಾಠ. ಆಮೇಲೆ ಶಾಲೆಯಲ್ಲಿ, ಮೂರನೆಯ ತರಗತಿಯ ಹುಲುಗಪ್ಪನ ಪಕ್ಕ.

ಹುಲುಗಪ್ಪನ ಕಣ್ಣಿಗೆ ಅಕ್ಷರಗಳು ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಉಳಿದವರು ಕತೆ ಓದುವಾಗ ಈರಮ್ಮ ಅವನ ಮುಂದೆ ಚಿತ್ರದ ಚೀಟಿಗಳನ್ನು ಇಡುತ್ತಿದ್ದಳು. ಕೊಡೆ, ಹಸು, ಬಾಳೆಹಣ್ಣು. ಅವನು ಒಂದನ್ನೂ ತಪ್ಪದೆ ಹೇಳುತ್ತಿದ್ದ. ಹೇಳಿ ಮುಗಿಸಿ ಪಕ್ಕಕ್ಕೆ ತಿರುಗುತ್ತಿದ್ದ. ಆ ಕಣ್ಣು ಒಂದು ಸಲವಾದರೂ ತಾನು ಇಟ್ಟದ್ದರ ಮೇಲೆ ನಿಲ್ಲಲಿ ಎಂದು ಅವಳು ಕಾದಳು. ರಾತ್ರಿ ಕುಳಿತು ಹೊಸ ಚೀಟಿ ಬರೆದಳು. ಬಣ್ಣ ಹಚ್ಚಿದಳು. ಕಣ್ಣು ನಿಲ್ಲಲಿಲ್ಲ. ಸೋಮವಾರದಿಂದ ತರಬೇತಿಗೆ ಬರುವುದಿಲ್ಲ ಎಂದು ಹೇಳಲು ಆ ದಿನ ಬಂದಿದ್ದಳು. ಹೇಳುವ ಮೊದಲು ಇದೊಂದನ್ನು ಕೇಳಿದಳು.

“ಕೂತುಕೋ” ಎಂದರು ಮಾಸ್ತರರು. ಅವರು ಹೇಳಿದ ಕತೆ ಇದು.

ಒಬ್ಬ ಬಳೆಗಾರ್ತಿ ಇದ್ದಳು. ವಯಸ್ಸಾಗಿತ್ತು. ಸೊಸೆಗೆ ಕಸುಬು ಕಲಿಸುತ್ತಿದ್ದಳು. ಸೊಸೆ ಚುರುಕು. ಕೈ ನೋಡಿದರೆ ಸಾಕು, ಅಳತೆ ಹೇಳುತ್ತಿದ್ದಳು. ಹೆಬ್ಬೆರಳಿನ ಬುಡ ಒತ್ತಿ, ಅಂಗೈಯನ್ನು ದೊನ್ನೆಯಂತೆ ಮಡಚಿ, ಮಾತಾಡಿಸುತ್ತಲೇ ಬಳೆ ಏರಿಸುತ್ತಿದ್ದಳು. ಎಂಥ ಒರಟು ಕೈಯಾದರೂ ಗಾಯವಾಗುತ್ತಿರಲಿಲ್ಲ. ಇನ್ನು ಕಲಿಯುವುದು ಏನೂ ಉಳಿದಿಲ್ಲ ಎಂದು ಅವಳಿಗೆ ಅನ್ನಿಸಿತ್ತು. ಬಳೆಗಳನ್ನು ಪೋಣಿಸಿದ ಮಲಾರವನ್ನು ತನ್ನ ಹೆಗಲಿಗೇ ಹಾಕಿಕೊಂಡು ಒಬ್ಬಳೇ ಊರೂರು ಸುತ್ತುವ ಆಸೆ ಹುಟ್ಟಿತ್ತು.

ಒಂದು ಮನೆಯಲ್ಲಿ ಹಿರಿಯ ಮಗಳ ಸೀಮಂತ. ಬಸುರಿಯ ಜೊತೆ ಮನೆಯ ಹೆಣ್ಣುಮಕ್ಕಳೆಲ್ಲ ಹಸಿರು ಬಳೆ ತೊಡುವುದು ವಾಡಿಕೆ. ಅತ್ತೆ ಸೊಸೆ ಇಬ್ಬರೂ ಹೋದರು. ಅತ್ತೆ ಒಳಗೆ ಬಸುರಿಗೆ ತೊಡಿಸಲು ಕುಳಿತಳು. ಪಡಸಾಲೆಯಲ್ಲಿ ಉಳಿದವರಿಗೆ ಸೊಸೆ.

ಆ ಮನೆಯ ಕಿರಿಯ ಮಗಳಿಗೆ ಒಂಬತ್ತು ವರ್ಷ. ಅವಳ ಬಲಗೈ ಹುಟ್ಟಿನಿಂದ ಮುಷ್ಟಿ. ಬಿಚ್ಚುತ್ತಿರಲಿಲ್ಲ. ಅದನ್ನು ಅವಳು ಯಾವಾಗಲೂ ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದಳು. ಎಡಗೈಗೆ ಬಳೆ ಏರಿತು. ಹುಡುಗಿ ಏಳಲಿಲ್ಲ. ಬಲಗೈಯನ್ನೂ ಹೊರಗೆ ತೆಗೆದು ಮುಂದೆ ಹಿಡಿದಳು.

“ಅದು ಬೇಡ ಬಿಡವ್ವ, ಒಂದು ಕೈಗೆ ಸಾಕು” ಎಂದಳು ತಾಯಿ. “ಪ್ರತಿ ಸಲವೂ ಹೀಗೇ ಚಾಚುತ್ತಾಳೆ.”

ಎರಡು ಕೈಯಲ್ಲೂ ಬಳೆ ಸದ್ದು ಮಾಡುವುದನ್ನು ಆ ಹುಡುಗಿ ಕೇಳಲಿ ಎಂದು ಸೊಸೆಯ ಜೀವವೇ ಬಯಸಿತು. ಮುಷ್ಟಿಯನ್ನು ಬಿಚ್ಚಲು ನೋಡಿದಳು. ಹುಡುಗಿ ಹಲ್ಲು ಕಚ್ಚಿದಳು. ಸೊಸೆ ಬಿಟ್ಟುಬಿಟ್ಟಳು. ಮಲಾರದ ಕೊನೆಯಲ್ಲಿ ದಪ್ಪ ಹೆಂಗಸರಿಗೆಂದು ಇಟ್ಟಿದ್ದ ದೊಡ್ಡ ಬಳೆಗಳಿದ್ದವು. ಅವನ್ನು ತೆಗೆದಳು. ಮುಷ್ಟಿಯ ಮೇಲೆಯೇ ಹನ್ನೆರಡೂ ಸರಾಗವಾಗಿ ಜಾರಿ ಮಣಿಕಟ್ಟಿಗೆ ಬಂದು ಕುಳಿತವು. ನೋವಿಲ್ಲ, ಎಳೆತವಿಲ್ಲ.

ಹುಡುಗಿ ಕೈ ಎತ್ತಿ ಅಲ್ಲಾಡಿಸಿದಳು. ಘಲ್ ಎಂದಿತು. ಅವಳ ಮುಖ ನೋಡಿ ಪಡಸಾಲೆಯೆಲ್ಲ ನಕ್ಕಿತು. ಸೊಸೆಗೆ ಕಣ್ಣು ತುಂಬಿ ಬಂತು. ಹುಡುಗಿ ಕೈ ಎತ್ತಿಕೊಂಡೇ ಅಕ್ಕನಿಗೆ ತೋರಿಸಲು ಓಡಿದಳು. ಹೊಸ್ತಿಲು ದಾಟುವಾಗ ಲಂಗ ಸರಿಸಲು ಆ ಕೈ ಇಳಿಸಿದಳು.

ಮುಷ್ಟಿಯ ಮೇಲೆ ಏರಿದ್ದು ಮುಷ್ಟಿಯ ಮೇಲೆಯೇ ಇಳಿಯಿತು. ಹನ್ನೆರಡೂ ಕಲ್ಲಿನ ಮೇಲೆ ಬಿದ್ದವು. ಸೀಮಂತದ ಮನೆಯಲ್ಲಿ ಒಡೆದವು ಎನ್ನಬಾರದು. ಹೆಂಗಸರು “ಹೆಚ್ಚಿದವು, ಹೆಚ್ಚಿದವು” ಎಂದು ಬಾಯಿ ಮುಚ್ಚಿಕೊಂಡರು.

ಹುಡುಗಿ ಅಳಲಿಲ್ಲ. ಸೊಸೆ ಓಡಿ ಬಂದು ಚೂರು ಬಾಚಿದಳು. “ಇನ್ನೂ ಇವೆ ಕಣೇ ತಂಗಿ. ಈ ಸಲ ದಾರ ಕಟ್ಟಿ ರವಿಕೆಯ ತೋಳಿಗೆ ಸೇರಿಸುತ್ತೇನೆ. ಬೀಳುವುದಿಲ್ಲ.”

“ಬೇಡ ಅಕ್ಕಾ” ಎಂದಳು ಹುಡುಗಿ. “ಅವು ಬೇರೆ ಯಾರದೋ ಬಳೆ. ನನಗೆ ನನ್ನ ಬಳೆ ಬೇಕು.”

ಅತ್ತೆ ಒಳಗಿನಿಂದ ಬಂದಳು. ಚೂರು ನೋಡಿದಳು, ಸೊಸೆಯನ್ನು ನೋಡಿದಳು, ಬಯ್ಯಲಿಲ್ಲ. ಮಲಾರವನ್ನು ದೂರ ಸರಿಸಿ ನೆಲದ ಮೇಲೆ ಕುಳಿತಳು. ಆ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಒತ್ತಲಿಲ್ಲ, ಮಡಚಲಿಲ್ಲ. ಸುಮ್ಮನೆ ಇಟ್ಟುಕೊಂಡಳು.

“ಇದು ಯಾವಾಗ ಸಡಿಲವಾಗುತ್ತದೆ ಮಗಳೇ?”

ಹುಡುಗಿ ಅವಳ ಮುಖ ನೋಡಿದಳು. ಆ ಕೈಯನ್ನು ವೈದ್ಯರು ಎಳೆದು ನೋಡಿದ್ದರು. ತಾಯಿ ಹರಕೆ ಹೊತ್ತಿದ್ದಳು. ಹೀಗೆ ಯಾರೂ ಕೇಳಿರಲಿಲ್ಲ. ತಡೆದು ತಡೆದು ಹೇಳಿದಳು, “ಬಿಸಿನೀರಿನಲ್ಲಿ. ಕಿರುಬೆರಳು ಮೊದಲು. ಹೆಬ್ಬೆರಳು ಕೊನೆಗೆ. ಯಾರೂ ನೋಡಬಾರದು. ನೋಡಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ.”

ಅತ್ತೆ ಒಂದು ಬೋಗುಣಿ ಬಿಸಿನೀರು ತರಿಸಿದಳು. ಕೈಯನ್ನು ಅದರಲ್ಲಿ ಇಡಿಸಿದಳು. ಕೈಯನ್ನು ನೋಡದೆ ಹುಡುಗಿಯೊಡನೆ ಬೆಕ್ಕಿನ ಮಾತು, ಹುಣಿಸೆಹಣ್ಣಿನ ಮಾತು ಆಡತೊಡಗಿದಳು. ನೀರು ಆರಿತು. ಮತ್ತೆ ತರಿಸಿದಳು. ಕಾದು ಕುಳಿತಿದ್ದ ಹುಡುಗಿಯ ಸೋದರತ್ತೆಗೆ ತಾಳ್ಮೆ ತಪ್ಪಿತು.

“ಕೂಸು ಹುಟ್ಟುವುದರೊಳಗೆ ನಮ್ಮ ಕೈಗೆ ಬಳೆ ಬೀಳುತ್ತದೋ ಇಲ್ಲವೋ!”

“ಕೂಸಿಗೂ ತೊಡಿಸಿಯೇ ಹೋಗುತ್ತೇನೆ, ಕೂತುಕೊಳ್ಳವ್ವ” ಎಂದಳು ಅತ್ತೆ. ತಿರುಗಿ ನೋಡಲಿಲ್ಲ.

ನಾಲ್ಕನೆಯ ಸಲ ನೀರು ಆರುವ ಹೊತ್ತಿಗೆ ಕಿರುಬೆರಳು ಬಿಚ್ಚಿತ್ತು. ಆಮೇಲೆ ಪಕ್ಕದ್ದು. ಕೊನೆಗೆ ಹೆಬ್ಬೆರಳು. ಅತ್ತೆ ಹುಡುಗಿಯ ಕೈಗೇ ಬಳೆ ಕೊಟ್ಟಳು. ಅವಳದೇ ಅಳತೆಯದು, ಎಡಗೈಯಲ್ಲಿ ಇದ್ದಂಥದು. ಹುಡುಗಿ ಎಡಗೈಯಿಂದ ಅದನ್ನು ಬಲಗೈ ಬೆರಳಿಗೆ ತೂರಿಸಿದಳು. ಗೆಣ್ಣಿನ ಬಳಿ ನಿಂತಿತು. ಹುಡುಗಿಯೂ ನಿಂತಳು. ಉಸಿರು ಬಿಟ್ಟಳು. ಅತ್ತೆಯ ಎರಡು ಬೆರಳು ಹೆಬ್ಬೆರಳಿನ ಬುಡದಲ್ಲಿ ಇದ್ದವು, ಅಷ್ಟೆ. ಬಳೆ ಗೆಣ್ಣು ದಾಟಿತು.

ಎರಡನೆಯದು ದಾಟಲಿಲ್ಲ. ಹೊತ್ತು ಮುಳುಗಿತ್ತು. ಕೈ ದಣಿದು ಮತ್ತೆ ಮುಚ್ಚಿತು.

“ಇನ್ನೊಂದು?” ಎಂದಳು ಹುಡುಗಿ.

“ಬರುತ್ತೇನೆ.”

ಹಿಂತಿರುಗುವ ದಾರಿಯಲ್ಲಿ ಊರು ದಾಟಿದ ಮೇಲೆ ಸೊಸೆ ಬಾಯಿ ತೆರೆದಳು. “ಅತ್ತೆ, ಒಂದೇ ಬಳೆ. ಒಂಟಿ ಬಳೆಗೆ ಸದ್ದೂ ಇಲ್ಲ. ನಾನು ತೊಡಿಸಿದವು ಒಂದು ಗಳಿಗೆಯಾದರೂ ಘಲ್ ಎಂದವು. ಅವಳು ಎಷ್ಟು ನಕ್ಕಳು!”

“ನಕ್ಕಳು” ಎಂದಳು ಅತ್ತೆ. “ನಾವು ಹೊರಟಾಗ ಬಾಗಿಲವರೆಗೆ ಬಂದಳಲ್ಲ, ಆಗ ಅವಳ ಬಲಗೈ ಎಲ್ಲಿತ್ತು?”

ಸೊಸೆ ನೆನಪು ಮಾಡಿಕೊಂಡಳು. ಕೈ ಲಂಗದ ಮಡಿಕೆಯಲ್ಲಿ ಇರಲಿಲ್ಲ. ಎಲ್ಲರ ಕೈಯಂತೆ ಪಕ್ಕದಲ್ಲಿ ಇಳಿಬಿದ್ದಿತ್ತು. ಬಳೆ ಅಲ್ಲಿಯೇ ಇತ್ತು.

ಆ ರಾತ್ರಿ ಸೊಸೆ ಮಲಾರದಿಂದ ಆ ಅಳತೆಯ ಹಸಿರು ಬಳೆಗಳನ್ನು ಬಿಡಿಸಿ ಬೇರೆ ದಾರಕ್ಕೆ ಪೋಣಿಸಿಟ್ಟಳು. ಒಬ್ಬಳೇ ಊರೂರು ಸುತ್ತುವ ಮಾತನ್ನು ಆಮೇಲೆ ಅವಳು ಎತ್ತಲಿಲ್ಲ. ಆ ಊರಿನ ದಾರಿ ಹಿಡಿಯುವ ದಿನ ಎಂದು ಬರುತ್ತದೆ ಎಂದಷ್ಟೇ ಅತ್ತೆಯನ್ನು ಕೇಳುತ್ತಿದ್ದಳು.

ಮಾಸ್ತರರು ಕತೆ ನಿಲ್ಲಿಸಿದರು. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

ಸೋಮವಾರದಿಂದ ಬರುವುದಿಲ್ಲ ಎಂಬ ಮಾತು ಈರಮ್ಮನ ನಾಲಿಗೆಯ ಮೇಲೆ ಇತ್ತು. ಅದಕ್ಕಿಂತ ಮೊದಲು ಹುಲುಗಪ್ಪನ ಕಣ್ಣು ನೆನಪಾಯಿತು.

“ಮಾಸ್ತರರೇ, ಕತೆ ಆಯಿತು. ನಾನು ಕೇಳಿದ್ದಕ್ಕೆ ಉತ್ತರ ಹೇಳಲಿಲ್ಲ. ನಾನು ಇಷ್ಟೆಲ್ಲ ಮಾಡಿಕೊಟ್ಟರೂ ಅವನು ಪಕ್ಕದ ಪುಸ್ತಕವನ್ನೇ ಏಕೆ ನೋಡುತ್ತಾನೆ?”

ಮಾಸ್ತರರು ಕನ್ನಡಕ ಹಾಕಿಕೊಂಡು ಅವಳನ್ನು ನೋಡಿದರು.

“ನನ್ನನ್ನು ಎರಡು ಸಲ ಕೇಳಿದೆಯಲ್ಲ, ಅವನನ್ನು ಒಂದು ಸಲ ಕೇಳಿದೆಯಾ?”